ಪದ್ಮಿನಿ ಕಾರಿನ ಕಂಡಿ

೧

ಒಂದಾನೊಂದು ಊರಲ್ಲಿ ಒಂದು ಕಾರಿತ್ತು.

ಹೀಗೆ ಶುರು ಮಾಡಬಹುದೇ? ನಮ್ಮಜ್ಜಿಯ ಕತೆಗಳಲ್ಲಿ ಆ ಜಾಗದಲ್ಲಿ ರಾಜ ಇರುತ್ತಿದ್ದ. ರಾಜನಿಗೆ ತುಕ್ಕು ಹಿಡಿಯುವುದಿಲ್ಲ, ಅಜ್ಜಿಗೆ ಕಷ್ಟವಿರಲಿಲ್ಲ. ಸಿದ್ದರಬೆಟ್ಟದ ಕಡೆ ತಿರುಗಿ ಕೈಮುಗಿದು ಇನ್ನೊಂದು ಸಲ ಟ್ರೈ ಮಾಡುತ್ತೇನೆ.

೧ (ಮತ್ತೆ)

ಮಧುಗಿರಿಯಲ್ಲಿ, ಕೋಟೆ ಬೆಟ್ಟದ ನೆರಳು ಇಳಿಹೊತ್ತಿಗೆ ಬಂದು ಬೀಳುವ ಒಂದು ಹಿತ್ತಲಲ್ಲಿ, ಲೋಹಿತಾ ತನ್ನ ಅಪ್ಪನ ಪದ್ಮಿನಿ ಕಾರನ್ನು ರಿಪೇರಿ ಮಾಡುತ್ತಿದ್ದಳು. (ಹೆಸರಲ್ಲೇ ಲೋಹ ಇದೆ ಎಂದು ನಗಬೇಡಿ. ಹೆಸರಿಟ್ಟವನು ನಾನಲ್ಲ, ಅವಳಪ್ಪ. ಸರಿ, ನಾನೇ.) ಅಪ್ಪ ವೀರಭದ್ರಯ್ಯ ಆ ಕಾರಲ್ಲಿ ಗೊರವನಹಳ್ಳಿಗೆ ಭಕ್ತರನ್ನು ಬಾಡಿಗೆಗೆ ಕರೆದೊಯ್ಯುತ್ತಿದ್ದವರು. ಹೋದ ವರ್ಷ ಕೊರಟಗೆರೆ ರಸ್ತೆಯಲ್ಲಿ ಕಾರನ್ನು ಮೆಲ್ಲಗೆ ಪಕ್ಕಕ್ಕೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಸ್ಟೀರಿಂಗ್ ಹಿಡಿದಂತೆಯೇ ಶಿವನ ಪಾದ ಸೇರಿದರು. ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವುದು. ಕಾರಲ್ಲಿ ಹೆಂಗೆ ಕೂತಿದ್ರೋ ಅಂಗೇ ಗುಂಡಿಗೂ ಇಳಿದ್ರು ಎಂದು ಊರು ಆಡಿಕೊಂಡಿತು.

೩

(ಎರಡನೆಯದು ವೆಲ್ಡಿಂಗ್ ಪಾಠವಾಗಿತ್ತು. ನನಗೇ ನಿದ್ದೆ ಬಂತು, ಹರಿದೆ. ಉಳಿದದ್ದಿಷ್ಟು: ಸಿರಾದಲ್ಲಿ ಗೇಟು ಮಾಡುವ ದಸ್ತಗೀರ್ ಸಾಹೇಬರ ಹತ್ತಿರ ಅವಳು ಬೆಸುಗೆ ಕಲಿತಳು. ರಾಡು ತಗಡಿಗೆ ಅಂಟಿಕೊಂಡಾಗಲೆಲ್ಲ ಅವರು, ಆಹಿಸ್ತಾ, ಮೆಲ್ಲಗೆ ಕಣಮ್ಮ, ರೊಟ್ಟಿ ಸುಟ್ಟಂಗೆ ಸುಡ್ಬೇಡ ಎನ್ನುತ್ತಿದ್ದರು.)

ಡ್ರೈವರ್ ಕಾಲಡಿಯ ನೆಲವನ್ನು ತುಕ್ಕು ತಿಂದು ಅಂಗೈಯಗಲ ಕಂಡಿ ಬಿದ್ದಿತ್ತು. ಲೋಹಿತಾ ಅದಕ್ಕೆ ತಗಡು ಕತ್ತರಿಸಿಟ್ಟು, ಸುತ್ತಲೂ ಚುಕ್ಕೆಗೆ ಚುಕ್ಕೆ ಕೂಡಿಸಿ ಬೆಸೆದಳು. ವೆಲ್ಡಿಂಗ್ ಗಾಜಿನ ಹಿಂದೆ ಲೋಕವೆಲ್ಲ ಕಪ್ಪು, ಕಿಡಿಯ ಬೆಳಕು ಬಿದ್ದಷ್ಟೇ ಕಾಣುವುದು. ಕೊನೆಯ ಚುಕ್ಕೆಯ ಬೆಳಕಿನಲ್ಲಿ ಎರಡು ಪಾದ ಕಂಡವು, ಕ್ಲಚ್ ಮೇಲೊಂದು, ಬ್ರೇಕ್ ಮೇಲೊಂದು.

ಗಾಜು ಎತ್ತಿದಳು. ಬರೀ ಪೆಡಲ್.

ಒಂದು ಕೊಡ ನೀರು ಸುರಿದು ನೋಡಿದಳು. ಹನಿ ಸೋರಲಿಲ್ಲ.

೪

ಎಡೆ ಇಡಲು ಬಾಳೆಲೆ ಹಿಡಿದು ಬಂದ ಅವಳಮ್ಮ ಶಿವರುದ್ರಮ್ಮ ಅಲ್ಲೇ ನಿಂತರು.

"ಇವತ್ತು ಅಮಾವಾಸ್ಯೆ ಕಣೇ. ಅವ್ರು ಬಂದು ಕೂತು ಹೋಗೋ ದಿನ. ಕಂಡಿ ಮುಚ್ಬುಟ್ಯಲ್ಲೇ, ಇನ್ನು ಹೆಂಗೆ ಹೋಗ್ತಾರೆ?"

ಹಳೇ ಮನೆಗಳಲ್ಲಿ ಜೀವ ಹೋಗುವಾಗ ಮಾಳಿಗೆಯ ಬೆಳಕಿಂಡಿ ತೆರೆಯುತ್ತಾರೆ. ಬಾಗಿಲು ಬದುಕಿದವರಿಗೆ. ಕಾರಿಗೆ ಬೆಳಕಿಂಡಿ ಎಲ್ಲಿಂದ ಬರಬೇಕು? ಇದ್ದದ್ದು ಆ ತುಕ್ಕಿನ ಕಂಡಿಯೊಂದೇ, ಗಂಡ ಬರುವುದೂ ಹೋಗುವುದೂ ಅದರಲ್ಲೇ ಎಂದು ಶಿವರುದ್ರಮ್ಮ ನಂಬಿದ್ದರು. ಸಿಕ್ಕಿಕೊಂಡ ಜೀವಕ್ಕೆ ಶಿವನೂ ಇಲ್ಲ, ಮನೆಯೂ ಇಲ್ಲ ಎಂದರು. ಈಗ ಕಂಡಿ ತೆಗೆದರೆ ಬೆದರಿದ ಜೀವ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ, ಆದರೂ ತೆಗಿ ಎಂದರು.

"ಹೋಗ್ಬೇಕು ಅಂತ ಯಾರಂದ್ರು?" ಲೋಹಿತಾ ಸೀಟನ್ನು ಮತ್ತೆ ಕೂರಿಸುತ್ತಿದ್ದಳು. "ಇರ್ಲಿ ಬುಡು."

೫

ಇಲ್ಲಿ ನಾನೂ ಬಾಯಿ ಹಾಕಿದೆ. ಡ್ರಿಲ್ ತಗೋ ತಾಯಿ, ಕತೆ ಮುಂದಕ್ಕೆ ಹೋಗಬೇಕು ಎಂದೆ.

"ನಿಮ್ಮಪ್ಪ ಇದ್ದಾರಾ?" ಎಂದು ಕೇಳಿದಳು.

ನಾನು ಬೇರೆ ಅಂತ್ಯ ಹುಡುಕತೊಡಗಿದೆ. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗೊರವನಹಳ್ಳಿಗೆ ಹೋಗಿ ಮಹಾಲಕ್ಷ್ಮಿಗೆ ಅಡ್ಡಬೀಳುತ್ತಾಳೆ. (ಬಿಚ್ಚಿದ ಎಂಜಿನ್ ಇನ್ನೂ ಇಟ್ಟಿಗೆಗಳ ಮೇಲಿದೆ. ಹೊಡೆದು ಹಾಕಿದೆ.) ಎಲ್ಲವೂ ಕನಸು. (ನಾಚಿಕೆಯಾಗಿ ಎದ್ದು ಕಾಫಿ ಕುಡಿದು ಬಂದೆ.)

೬

ಕಾಫಿ ಕುಡಿದು ಬರುವಷ್ಟರಲ್ಲಿ ಕಾರಿನ ಗಾಜು ಒಳಗಿನಿಂದ ಮಂಜಾಗಿತ್ತು. ಮಧುಗಿರಿಯ ಏಪ್ರಿಲ್ ಬಿಸಿಲು, ನಾಯಿಯೂ ನೆರಳು ಹುಡುಕುವ ಹೊತ್ತು. ಸುರಿದ ನೀರಿನ ಆವಿ ಎನ್ನುತ್ತೀರಿ. ನಾನೂ ಹಾಗೇ ಬರೆದು ನೆಮ್ಮದಿಯಾಗಿದ್ದೆ. ಮರುದಿನ ಮಂಜು ಇನ್ನೂ ದಟ್ಟವಾಯಿತು, ಡ್ರೈವರ್ ಸೀಟು ಕುಗ್ಗಿತು. ಅದರ ಮಾರನೆಯ ದಿನ ಗಾಜಿನ ಮೇಲೊಂದು ಅಂಗೈ ಮೂಡಿತ್ತು. ಬೆರಳುಗಳನ್ನೆಲ್ಲ ಅಗಲಿಸಿ, ಒಳಗಿನಿಂದ ಒತ್ತಿದ್ದು.

ಲೋಹಿತಾ ಹೊರಗಿನಿಂದ ಅದರ ಮೇಲೆ ತನ್ನ ಅಂಗೈ ಇಟ್ಟಳು. ಆ ಬಿಸಿಲಲ್ಲೂ ಗಾಜು ತಣ್ಣಗಿತ್ತು. ಅಪ್ಪನಿಗೆ ಉಬ್ಬಸವಿತ್ತು. ಚಳಿಗಾಲದಲ್ಲೂ ಕಿಟಕಿ ಇಳಿಸಿಯೇ ಕಾರು ಓಡಿಸುತ್ತಿದ್ದರು.

ಯಾರಿಗೂ ಏನೂ ಹೇಳದೆ ಡ್ರಿಲ್ ಹಿಡಿದು ಕಾರಿನಡಿ ಹೊಕ್ಕು ಅಂಗಾತ ಮಲಗಿದಳು.

೭

ಡ್ರಿಲ್ಲಿನ ತುದಿ ತಗಡಿಗೆ ತಾಗಿತ್ತು. ಸ್ವಿಚ್ ಒತ್ತಬೇಕು, ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು. ಕಾರು ಒಂದಿಷ್ಟು ಕೆಳಗಿಳಿಯಿತು. ತೆಗಿ ತೆಗಿ ಎಂದು ದುಂಬಾಲು ಬಿದ್ದಿದ್ದ ಶಿವರುದ್ರಮ್ಮ ಹತ್ತಿ ಕೂತಿದ್ದರು.

ಮೇಲಿನಿಂದ ಅವರ ಮಾತು ಮೆಲ್ಲಗೆ ಕೇಳಿಸುತ್ತಿತ್ತು. ಎಮ್ಮೆ ಕರು ಹಾಕಿದ ಸುದ್ದಿ, ಪಾವಗಡದ ನಾದಿನಿಯ ಮಂಡಿನೋವು, ಹುಣಸೆ ಈ ಸಲ ಚೆನ್ನಾಗಿ ಹಿಡಿದದ್ದು. ನಡುನಡುವೆ ನಿಲ್ಲಿಸುತ್ತಿದ್ದರು, ಎದುರಿನವರು ಒಂದು ಮಾತಾಡಿ ಮುಗಿಸುವಷ್ಟು ಹೊತ್ತು.

"ಹೌದ್ರಾ?" ಎಂದು ಸಣ್ಣಗೆ ನಕ್ಕರು. "ನಂಗೆ ಹೇಳೇ ಇರ್ಲಿಲ್ವಲ್ಲ."

ಅಮ್ಮನ ಮಾತು ಮುಗಿಯಲಿ ಎಂದು ಲೋಹಿತಾ ಕಾಯುತ್ತಿದ್ದಾಳೆ. ಗಾಜಿನ ಮಂಜು ಎರಡರಷ್ಟಾಗಿದೆ. ಓದುವವರೇ, ಸ್ವಿಚ್ ಒತ್ತಿದಳು ಎಂದು ಬರೆಯಲು ನನಗೆ ಒಂದೇ ಸಾಲು ಸಾಕು. ಬರೆಯಲಾರೆ. ನಿಮಗೆ ಧೈರ್ಯವಿದ್ದರೆ ನೀವು ಬರೆದುಕೊಳ್ಳಿ, ಆದರೆ ಸ್ವಲ್ಪ ತಾಳಿ. ಮೇಲೆ ನಾದಿನಿಯ ವಿಷಯ ಮತ್ತೆ ಶುರುವಾಗಿದೆ.