ಸೊಸೆ ಕಲಿತ ಪಾಠ, ಅತ್ತೆಯ ಹೆಸರು

ಕಬ್ಬು ಕಡಿಯುವ ಕಾಲ ಬಂತೆಂದರೆ ತೆಲಂಗಾಣದ ಗಡಿಯಲ್ಲಿರುವ ನಾಗಲಗಿದ್ದದ ಸುತ್ತಿನ ಹಳ್ಳಿಗಳಲ್ಲಿ ತಾಯಂದಿರಿಗೆ ಒಂದೇ ಚಿಂತೆ. ನಸುಕಿನಲ್ಲೇ ಗಾಡಿ ಬಂದು ನಿಲ್ಲುತ್ತದೆ, ಜಹೀರಾಬಾದ್ ಕಡೆಯ ಹೊಲಗಳಿಗೆ ಹೋಗಬೇಕು. ಗಂಡಸರು ಕುರಿಗಳ ಹಿಂದೆ ಹೋಗಿರುತ್ತಾರೆ. ಕೂಸನ್ನು ಎಲ್ಲಿ ಬಿಡುವುದು? ಹೊಲದಲ್ಲಿ ಹಾವು, ಕುಡುಗೋಲಿನ ಭಯ. ಮನೆಯಲ್ಲಿ ನೋಡುವವರಿಲ್ಲ. ಅದಕ್ಕೇ ಒಂದು ಊರಿನ ಮಹಿಳಾ ಸಂಘದವರು ತಮ್ಮ ಸಂಘದ ಕೋಣೆಯಲ್ಲೇ ಮಕ್ಕಳ ಮನೆ ತೆರೆದರು. ಮಕ್ಕಳನ್ನು ನೋಡಿಕೊಳ್ಳಲು ಬಾಳಮ್ಮನನ್ನು ಗೊತ್ತು ಮಾಡಿದರು.

ಬಾಳಮ್ಮನಿಗಿಂತ ಒಳ್ಳೆಯ ಹೆಂಗಸು ಆ ಊರಲ್ಲಿ ಸಿಗುವಂತಿರಲಿಲ್ಲ. ತನ್ನ ಮಕ್ಕಳ ಜೊತೆಗೆ ನಾದಿನಿಯರ ಮಕ್ಕಳನ್ನೂ ಸಾಕಿದವಳು. ಎಂಥ ಹಟಮಾರಿ ಕೂಸಾದರೂ ಅವಳ ತೊಡೆಯ ಮೇಲೆ ಸುಮ್ಮನಾಗುತ್ತಿತ್ತು. ಮುಂದಿನದನ್ನು ಕೇಳಿದವರು ಅವಳನ್ನು ಕಟುಕಿ ಎಂದುಕೊಳ್ಳಬಾರದು. ಅದಕ್ಕೇ ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮಕ್ಕಳನ್ನು ನೋಡಿಕೊಳ್ಳುವವರು ತರಬೇತಿ ಮುಗಿಸಲೇಬೇಕೆಂದು ಸಂಘದಲ್ಲಿ ತೀರ್ಮಾನವಾಯಿತು. ಹಿಂದಾದರೆ ಮನೆಮಠ ಬಿಟ್ಟು ತಾಂಡೂರಿನ ತನಕ ಹೋಗಿ ಕೂರಬೇಕಿತ್ತು. ಈಗ ಮೊಬೈಲಿನಲ್ಲೇ ಆನ್‌ಲೈನ್ ಪಾಠ. ಸಂಘದ ಮೇಲ್ವಿಚಾರಕಿ ಪ್ರೇಮಲಾ ಬಂದು ಬಾಳಮ್ಮನ ಫೋನಿನಲ್ಲಿ ಅದನ್ನು ತೆರೆದುಕೊಟ್ಟಳು. ವಿಡಿಯೋ ಕನ್ನಡದಲ್ಲೇ ಇದೆ, ಬಿಡುವಾದಾಗ ನೋಡಬಹುದು, ತಿಳಿಯದಿದ್ದರೆ ಫೋನ್ ಮಾಡಿ ಕೇಳಬಹುದು, ಕೊನೆಗೆ ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ಪ್ರಮಾಣಪತ್ರ ಬರುತ್ತದೆ ಎಂದೆಲ್ಲ ಹೇಳಿದಳು.

ಬಾಳಮ್ಮನಿಗೆ ನಗುವೂ ಬಂತು, ಸಿಟ್ಟೂ ಬಂತು.

"ಕೂಸಿಗಿ ಹ್ಯಾಂಗ ಸಾಕಬೇಕಂತ ಈ ಫೋನ್ ನನಗ ಕಲಸ್ತದೇನ್ರಿ? ನಾ ಸಾಕಿದ್ ಮಕ್ಕಳೇ ಈಗ ಮಕ್ಕಳ ಹಡದಾರ."

ಮನೆಯಲ್ಲಿ ಸೊಸೆ ಭವಾನಿ ಇದ್ದಳು. ಹತ್ತನೆಯ ತರಗತಿ ಓದಿದ ಹುಡುಗಿ. ಮದುವೆಯಾಗಿ ಕೆಲವು ವರ್ಷ ಕಳೆದರೂ ಅವಳ ಮಡಿಲು ತುಂಬಿರಲಿಲ್ಲ. ಅತ್ತೆ ಫೋನನ್ನು ಅವಳ ಕೈಗೆ ಕೊಟ್ಟು, ನನ್ನ ಹೆಸರಲ್ಲಿ ನೀನೇ ಮುಗಿಸಿಬಿಡು ಎಂದಳು. ಆ ಊರಲ್ಲಿ ಇದೇನೂ ಹೊಸದಲ್ಲ. ಗ್ಯಾಸ್ ಬುಕ್ ಮಾಡಲು, ಮಗಳಿಗೆ ವಿಡಿಯೋ ಕಾಲ್ ಹಚ್ಚಲು, ಫೋನಿನ ಕೆಲಸವೆಂದರೆ ಸೊಸೆಯದೇ. ಮಕ್ಕಳ ಪಾಠವನ್ನೂ ಬಾಳಮ್ಮ ಅದೇ ಲೆಕ್ಕಕ್ಕೆ ಸೇರಿಸಿದಳು.

ಭವಾನಿ ಮನೆಗೆಲಸ ಮುಗಿಸಿ ಒಲೆಯ ಪಕ್ಕದಲ್ಲಿ ಕುಳಿತು ಪಾಠ ನೋಡಿದಳು. ನೋಡುತ್ತಾ ನೋಡುತ್ತಾ ಅವಳಿಗೇ ಅದರ ರುಚಿ ಹತ್ತಿತು. ಒಂದೆರಡು ಸಲ ಅತ್ತೆಯನ್ನೂ ಕರೆದಳು. ಬಾಳಮ್ಮ ತಲೆ ಎತ್ತಲಿಲ್ಲ. ಕೊನೆಗೆ ಪ್ರಮಾಣಪತ್ರ ಬಾಳಮ್ಮನ ಹೆಸರಿಗೆ ಬಂತು, ಸಂಘದಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬರು ಉಂಡರೆ ಇನ್ನೊಬ್ಬರ ಹೊಟ್ಟೆ ತುಂಬೀತೇ ಎಂದು ಒಬ್ಬರೂ ಕೇಳಲಿಲ್ಲ.

ಚಳಿಗಾಲದ ಒಂದು ದಿನ ಲಕ್ಷ್ಮಿಬಾಯಿ ತನ್ನ ಮಗ ಸಿದ್ದುವನ್ನು ಎತ್ತಿಕೊಂಡು ಬಂದಳು. ಇನ್ನೂ ಮಾತು ಬಾರದ ಕೂಸು. ಮೈ ಬೆಚ್ಚಗಿತ್ತು. ಗಂಡ ಮರೆಪ್ಪ ಕುರಿ ಹೊಡೆದುಕೊಂಡು ದೂರ ಹೋಗಿದ್ದ. ಬಿಟ್ಟುಹೋಗಲೋ ಬೇಡವೋ ಎಂದು ಅವಳು ಹಿಂದೆಮುಂದೆ ನೋಡುತ್ತಿದ್ದಾಗ ಬಾಳಮ್ಮನೇ ಕೂಸನ್ನು ಇಸಿದುಕೊಂಡು, ನಾನಿದ್ದೇನಲ್ಲ ಹೋಗು ಎಂದು ಕಳಿಸಿದಳು.

ಮಧ್ಯಾಹ್ನದ ಹೊತ್ತಿಗೆ ಕೂಸಿನ ಮೈ ಕಾದ ಹಂಚಿನಂತಾಯಿತು. ಕುರಿ ಸಾಕುವವರ ಮನೆಗಳಲ್ಲಿ ಜ್ವರಕ್ಕೆ ಮೊದಲ ಮದ್ದು ಕಂಬಳಿ. ಬೆವರು ಹರಿದರೆ ಜ್ವರ ಇಳಿಯಿತು ಎಂದು ಹಿರಿಯರ ಕಾಲದಿಂದ ನಂಬಿದವರು. ಬಾಳಮ್ಮ ಕರಿಕಂಬಳಿಯನ್ನು ಮಡಿಚಿ ಕೂಸನ್ನು ಬಿಗಿಯಾಗಿ ಸುತ್ತಿ, ಗಾಳಿ ಬರದಂತೆ ಕದ ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಸಿದ್ದುವಿನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು. ಹಲ್ಲು ಕಚ್ಚಿಕೊಂಡವು. ಕೈಕಾಲು ಸೆಟೆದು ಅದುರತೊಡಗಿದವು.

ಅತ್ತೆಗೆ ಊಟ ತಂದಿದ್ದ ಭವಾನಿ ಬಾಗಿಲಲ್ಲೇ ಅದನ್ನು ಕಂಡಳು. ಬಾಳಮ್ಮ ಆಗಲೇ ಚಮಚ ಹುಡುಕುತ್ತಿದ್ದಳು.

"ಅತ್ತಿ, ಕಂಬಳಿ ತೆಗೀರಿ. ಒಂದ್ ಮಗ್ಗಲಾ ಮಲಗಸ್ರಿ. ಬಾಯಾಗ ಏನೂ ಹಾಕಬ್ಯಾಡ್ರಿ, ನೀರು ಸುದ್ದಾ ಬ್ಯಾಡ. ನಾ ಪಾಠದಾಗ ನೋಡೀನ್ರಿ."

"ಒಂದೂ ಹಡೀಲಾರದಾಕಿ ನನಗ ಹೇಳಾಕ ಬಂದೀಯೇನ? ಸರಿ ಆಕಡಿ."

ಬಾಳಮ್ಮ ಸೊಸೆಯನ್ನು ಮೊಣಕೈಯಿಂದ ತಳ್ಳಿದಳು. ಚಮಚದಿಂದ ಹಲ್ಲು ಬಿಡಿಸಿ ಕೂಸಿನ ಬಾಯಿಗೆ ನೀರು ಹೊಯ್ದಳು. ಆ ಒಂದು ಮಾತು ಭವಾನಿಯ ಬಾಯಿ ಕಟ್ಟಿಹಾಕಿತ್ತು. ಅವಳು ಅಳುತ್ತಾ ಹೊರಗೆ ಓಡಿ ಆಂಬ್ಯುಲೆನ್ಸಿಗೆ ಫೋನ್ ಮಾಡಿದಳು.

ಫಿಟ್ಸ್ ನಿಂತಿತು, ಆದರೆ ಉಸಿರು ಗೊರಗೊರ ಅನ್ನುತ್ತಲೇ ಇತ್ತು. ನಾರಾಯಣಖೇಡದ ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ ತಲೆ ಅಲ್ಲಾಡಿಸಿದರು. ಜ್ವರಕ್ಕೆ ಬರುವ ಫಿಟ್ಸ್ ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ತಾನಾಗಿ ನಿಲ್ಲುತ್ತದೆ, ಆದರೆ ಈ ಕೂಸಿಗೆ ನೀರು ಶ್ವಾಸಕೋಶಕ್ಕೆ ಇಳಿದಿದೆ ಎಂದರು. ಅವರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ಸಿದ್ದು ಉಳಿಯಲಿಲ್ಲ. ಮರೆಪ್ಪ ಕುರಿಗಳನ್ನು ಯಾರದೋ ಹೊಲದಲ್ಲಿ ಬಿಟ್ಟು ಬಂದಾಗ ಅವನಿಗೆ ನೋಡಲು ಸಿಕ್ಕದ್ದು ಮಗನ ಹೆಣ.

ಊರಿನ ಹಿರಿಯರು ಹಣೆಬರಹ ಎಂದರು. ಮಿಂಚಿ ಹೋದದ್ದಕ್ಕೆ ಚಿಂತಿಸಿ ಫಲವಿಲ್ಲ, ಊಟ ಮಾಡು ಎಂದು ಬಾಳಮ್ಮನಿಗೆ ಬುದ್ಧಿ ಹೇಳಿದರು. ಹಣೆಬರಹ ಎಂದು ನಂಬಲು ಅವಳಿಗೂ ಆಸೆಯಿತ್ತು. ಅದನ್ನೇ ಹೇಳಿಕೊಂಡು ಲಕ್ಷ್ಮಿಬಾಯಿಯ ಮನೆಗೆ ಹೋದಳು. ಆ ತಾಯಿ ಬೈಯಲಿಲ್ಲ, ಅಳಲೂ ಇಲ್ಲ.

"ದೊಡ್ಡವ್ವ, ಭವಾನಿ ನಿನಗ ಬ್ಯಾಡ ಅಂದಿದ್ಳಂತ. ಖರೇನ?"

"ಖರೆ ಅದವ್ವ."

"ಯಾರಿಗೂ ಗೊತ್ತಿಲ್ಲದ ಆಗಿದ್ರ ನಾನೂ ಹಣೆಬರಹ ಅಂತಿದ್ದೆ. ಗೊತ್ತಿದ್ದಾಕಿ ನಿನ್ನ ಮಗ್ಗಲಾಗೇ ನಿಂತಿದ್ಳು."

ಅಷ್ಟು ಹೇಳಿ ಲಕ್ಷ್ಮಿಬಾಯಿ ಒಳಗೆ ಹೋದಳು. ಬಾಳಮ್ಮ ಮನೆಗೆ ಬಾರದೆ ನೇರ ಪ್ರೇಮಲಾಳ ಬಳಿ ಹೋಗಿ, ಪಾಠ ನೋಡಿದ್ದು ಸೊಸೆ ಎಂಬುದನ್ನೂ ಬಿಡದೆ ನಡೆದದ್ದನ್ನೆಲ್ಲ ಹೇಳಿದಳು. ಪ್ರಮಾಣಪತ್ರ ರದ್ದಾಯಿತು, ಮಕ್ಕಳ ಮನೆಗೆ ಬೀಗ ಬಿತ್ತು. ತಾಯಂದಿರು ಮತ್ತೆ ಕೂಸುಗಳನ್ನು ಬೆನ್ನಿಗೆ ಕಟ್ಟಿಕೊಂಡು ಕಬ್ಬಿನ ಹೊಲಕ್ಕೆ ಹೊರಟರು. ಇಷ್ಟು ಮಾತ್ರ ಪ್ರೇಮಲಾ ಒಪ್ಪಿದಳು: ಅತ್ತೆ ಸೊಸೆ ಇಬ್ಬರೂ ತಮ್ಮ ತಮ್ಮ ಹೆಸರಿನಲ್ಲಿ ಪಾಠ ಮುಗಿಸಿ, ತಾನು ಎದುರಿಗೆ ಕೂತು ಕೇಳಿದ್ದಕ್ಕೆ ಉತ್ತರ ಹೇಳಿದರೆ ಬೀಗ ತೆಗೆಸುವ ಮಾತಾಡಬಹುದು.

ಅತ್ತೆ ಸೊಸೆ ಈಗ ಒಟ್ಟಿಗೆ ಕೂರುತ್ತಾರೆ. ತಡವರಿಸಿದಲ್ಲಿ ಭವಾನಿ ಬಿಡಿಸಿ ಹೇಳುತ್ತಾಳೆ, ಬಾಳಮ್ಮ ತಗ್ಗಿಸಿದ ತಲೆಯಲ್ಲೇ ಕೇಳುತ್ತಾಳೆ. ಒಂದು ದಿನ ಫಿಟ್ಸಿನ ಪಾಠ ಬಂತು. ಮಗ್ಗುಲಿಗೆ ಮಲಗಿಸುವುದು, ಬಟ್ಟೆ ಸಡಿಲಿಸುವುದು, ಬಾಯಿಗೆ ಏನೂ ಹಾಕದಿರುವುದು, ಆಸ್ಪತ್ರೆಗೆ ಒಯ್ಯುವುದು. ಶುರುವಾಗುತ್ತಿದ್ದಂತೆ ಮುಗಿದೇ ಹೋಯಿತು.

"ಇಷ್ಟೇ ಏನ?" ಎಂದಳು ಬಾಳಮ್ಮ.

"ಇಷ್ಟೇ, ಅತ್ತಿ."

ಬಾಳಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಅಕ್ಕ, ತಂಗಿ, ಇದನ್ನು ಕೇಳುತ್ತಿರುವ ನೀವು ಊರಿನ ಮಕ್ಕಳನ್ನು ನೋಡಿಕೊಳ್ಳುವವರಾದರೆ ನಿಮ್ಮ ಪಾಠವನ್ನು ನೀವೇ ನೋಡಿ. ಬೇರೆಯವರ ಕೈಯಲ್ಲಿ ಮುಗಿಸಬೇಡಿ. ವಿಡಿಯೋ ಹಚ್ಚಿಟ್ಟು ಕಸ ಗುಡಿಸಲು ಹೋಗಬೇಡಿ. ಓದು ಬಾರದಿದ್ದರೆ ಓದು ಬಲ್ಲವರನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ, ತಿಳಿಯದ್ದನ್ನು ನಾಚದೆ ಕೇಳಿ. ತಾಯಂದಿರೇ, ಕೂಸನ್ನು ಬಿಟ್ಟುಹೋಗುವ ಮುಂಚೆ ನೀವೂ ಒಂದು ಮಾತು ಕೇಳಿ: ಪಾಠ ನೋಡಿದವರು ಯಾರು? ಕೂಸಿಗೆ ಫಿಟ್ಸ್ ಬಂದರೆ ೧೦೮ಕ್ಕೆ ಫೋನ್ ಮಾಡಿ. ಮನೆಯ ಸಣ್ಣವರು ತಿಳಿದದ್ದನ್ನು ಹೇಳಿದರೆ ಅವರ ಬಾಯಿ ಮುಚ್ಚಿಸಬೇಡಿ. ಪ್ರಮಾಣಪತ್ರ ಯಾರ ಹೆಸರಿಗೆ ಬೇಕಾದರೂ ಬಂದೀತು, ಆ ಗಳಿಗೆಯಲ್ಲಿ ಕೂಸು ಇರುವುದು ನಿಮ್ಮ ಕೈಯಲ್ಲಿ.