ಸಾರಲ್ಲಿ ಸಿಕ್ಕ ಹುರುಳಿಕಾಳು

ಸೀನು ಕೈಗೆ ಅಡುಗೆಮನೆ ಕೊಡಬೇಡಿ ಅಂತ ನಾನು ಬಡ್ಕೊಂಡೆ. ಯಾರು ಕೇಳ್ತಾರೆ? ನಮ್ಮ ಹೊಂಗೆತೋಪಲ್ಲಿ ಸಂಕ್ರಾಂತಿ ಬಂತು ಅಂದ್ರೆ ಎಲ್ಲರ ಕೆಲಸಾನೂ ಬದಲಾಗ್ಬೇಕು, ಅದು ಮೊದಲಿಂದ ಬಂದ ಪದ್ಧತಿ. ವ್ಯಾನ್ ಓಡಿಸ್ತಿದ್ದ ಸೀನು ಸೌಟು ಹಿಡಿದ. ಸೌಟು ಹಿಡಿದಿದ್ದ ನಾನು, ಈ ಗೋವಿಂದಮ್ಮ, ಹೋಗಿ ಎಣ್ಣೆ ಗಾಣದ ಮುಂದೆ ಕೂತೆ.

ಕನಕಪುರ ರಸ್ತೇಲಿ ಕೋಣನಕುಂಟೆ ದಾಟಿ ಇನ್ನೂ ಮುಂದಕ್ಕೆ ಹೋದ್ರೆ ನಮ್ಮ ಹೊಂಗೆತೋಪು. ಮೂವತ್ತು ವರ್ಷದ ಹಿಂದೆ ಜಯನಗರದವರು ಕೆಲವರು, ನಮ್ಮಂಥ ಹಳ್ಳಿ ಜನ ಕೆಲವರು ಸೇರ್ಕೊಂಡು, ಒಂದೇ ಒಲೆ, ಒಂದೇ ಬಾವಿ, ಎಲ್ಲರದೂ ಒಟ್ಟು ದುಡಿಮೆ ಅಂತ ಶುರು ಮಾಡಿದ್ದು. ಆರು ತಿಂಗಳೂ ನಡೆಯಲ್ಲ ಅಂತ ನೆಂಟರೆಲ್ಲ ನಕ್ಕಿದ್ರು. ಈಗ ಸುತ್ತಮುತ್ತ ಅಪಾರ್ಟ್‌ಮೆಂಟ್ ಎದ್ದಿವೆ. ನಾವು ಮೂವತ್ತು ಜನ ಇನ್ನೂ ಒಂದೇ ಒಲೆ ಅಡುಗೆ ಉಣ್ತೀವಿ, ದಿನಾ ಜಗಳ ಆಡ್ತೀವಿ. ನಾವು ಬೆಳೆದ ಸೊಪ್ಪು, ರಾಗಿ, ಗಾಣದೆಣ್ಣೆ ಶನಿವಾರ ಜಯನಗರಕ್ಕೆ ಮಾರಾಟಕ್ಕೆ ಹೋಗುತ್ತೆ.

ಸೊಣ್ಣಮ್ಮ ಸಿಕ್ಕಿದ್ದೂ ಹಾಗೊಂದು ಶನಿವಾರ. ಬೊಮ್ಮನಹಳ್ಳಿ ಗಾರ್ಮೆಂಟ್ಸಲ್ಲಿ ಇಪ್ಪತ್ತು ವರ್ಷ ಹೊಲಿದವಳು. ಗಂಡ ಇಲ್ಲ, ಮಕ್ಕಳಿಲ್ಲ. ಕೆಲಸ ಹೋಗಿತ್ತು. ನಮ್ಮ ಹರಕಲು ಚೀಲ ನೋಡಿ, "ಅಯ್ಯೋ, ಇದನ್ನ ಯಾರಕ್ಕ ಹೊಲಿದಿದ್ದು, ಕಣ್ಣು ಮುಚ್ಕೊಂಡು?" ಅಂದ್ಲು. ಹೊಲಿದಿದ್ದು ನಾನೇ! ಆದ್ರೂ ಅವತ್ತೇ ಇಷ್ಟ ಆದ್ಲು ನನಗೆ. ಬಾಡಿಗೆ ರೂಮು ಬಿಟ್ಟು, ಮಿಷನ್ ಸಮೇತ ನಮ್ಮಲ್ಲಿಗೆ ಬಂದ್ಲು. ಜಯನಗರದ ಮನೆಗಳಿಂದ ಹಳೇ ಸೀರೆ ತಂದು ಎಂಥಾ ಚೀಲ ಹೊಲಿದ್ಲು ಅಂತೀರಿ! ನಮ್ಮ ರೇಖಾ, ಇಂದ್ರಾಣಿ ಎಲ್ಲ ಅವಳ ಹತ್ರ ಕೂತು ಕಲಿತ್ರು.

ಒಂದೇ ಒಂದು ತಕರಾರು, ಜಯಸಿಂಹ ಸಾರ್. ಜಯನಗರದವರು, ರಿಟೈರ್ಡ್ ಇಂಜಿನಿಯರ್, ಮೊದಲ ದಿನದಿಂದ ನಮ್ಮ ಜೊತೆ ಇರೋರು. ಒಳ್ಳೆಯವರೇ, ಆದ್ರೆ ರೂಲ್ಸು ಜಾಸ್ತಿ. ಸೌಟು ಅವರ ತಟ್ಟೆಗೆ ತಾಗಿದ್ರೆ "ಎಂಜಲಾಯ್ತು" ಅಂತ ಊಟ ಬಿಟ್ಟು ಏಳ್ತಾರೆ. ಮಧ್ಯಾಹ್ನ ಮಲಗೋ ಹೊತ್ತಲ್ಲಿ ಮಿಷನ್ ಸದ್ದು ಕೇಳಿದ್ರೆ ಕಿಟಕಿಯಿಂದ ಕೂಗ್ತಾರೆ. ಅವರು ಕೂಗಿದ್ದೇ ತಡ, ಸೊಣ್ಣಮ್ಮ ಮಿಷನ್ ನಿಲ್ಲಿಸಿಬಿಡೋಳು.

"ಯಾಕೆ ನಿಲ್ಲಿಸ್ತೀಯೆ? ನಿನ್ನ ಕೆಲಸ ನೀನು ಮಾಡು," ಅಂತ ನಾನು ಬೈದ್ರೆ, "ನಾನಿನ್ನೂ ಇಲ್ಲಿಯವಳಲ್ವಲ್ಲ ಅಕ್ಕ," ಅನ್ನೋಳು. 

ಅವಳು ಹೇಳಿದ್ದೂ ನಿಜವೇ. ನಮ್ಮಲ್ಲಿ ಹೊಸಬರು ಒಂದು ವರ್ಷ ಇದ್ದ ಮೇಲೆ ಅವರೆಕಾಳಿನ ಮಡಕೆ ಇಡ್ತೀವಿ. ಎಲ್ಲರೂ ಮುಷ್ಟಿ ಮುಚ್ಕೊಂಡು ಬಂದು ಒಂದು ಹಿಡಿ ಒಣ ಅವರೆಕಾಳು ಅದಕ್ಕೆ ಹಾಕ್ಬೇಕು. ಈ ಮನುಷ್ಯ ನಮಗೆ ಬೇಡ ಅನ್ನೋರು ಆ ಹಿಡಿಯೊಳಗೆ ಒಂದು ಹುರುಳಿಕಾಳು ಸೇರಿಸ್ತಾರೆ. ಯಾರು ಹಾಕಿದ್ರು ಅಂತ ಯಾರಿಗೂ ತಿಳಿಯಲ್ಲ. ಬಂದವರಿಗೂ ನಾವು ಬೇಕೋ ಬೇಡವೋ ಗೊತ್ತಾಗ್ಬೇಕಲ್ಲ, ಅದಕ್ಕೆ ಅವರೂ ಒಂದು ಹಿಡಿ ಹಾಕ್ತಾರೆ. ಮಡಕೆ ಒಂದು ರಾತ್ರಿ ಅಡುಗೆಮನೇಲಿ ಇರುತ್ತೆ. ಮೊರಕ್ಕೆ ಸುರಿಯೋವರೆಗೂ, ಮನಸ್ಸು ಬದಲಾದೋರು ಹಾಕಿದ ಹುರುಳಿ ವಾಪಸ್ ತಗೋಬಹುದು. ಮಾರನೇ ದಿನ ಮೊರಕ್ಕೆ ಸುರಿದು ಎಲ್ಲರ ಮುಂದೆ ಆರಿಸ್ತೀವಿ. ಬರೀ ಅವರೆ ಇದ್ರೆ ಅದರದ್ದೇ ಸಾರು ಮಾಡಿ ಎಲ್ಲರೂ ಉಣ್ತೀವಿ, ಅವರು ನಮ್ಮವರು. ಒಂದೇ ಒಂದು ಹುರುಳಿ ಸಿಕ್ಕಿದ್ರೂ ಬಂದವರು ಹೊರಡಬೇಕು.

ಸೀನು ಸೌಟು ಹಿಡಿದ ವಾರದಲ್ಲೇ ಸೊಣ್ಣಮ್ಮನಿಗೆ ವರ್ಷ ತುಂಬಿತು. ಅವಳ ಮಡಕೆ ಇಟ್ಟ ಮಾರನೇ ದಿನ ಊಟಕ್ಕೆ ಕೂತ್ವಿ. ಬಡಿಸಿ ಆಗಿತ್ತು. ಊಟದ ಟೈಮು ಒಂದು ನಿಮಿಷ ಮೀರದ ಜಯಸಿಂಹ ಸಾರ್ ಆಗಲೇ ನಾಲ್ಕು ತುತ್ತು ಉಂಡಿದ್ರು. ಅಷ್ಟರಲ್ಲಿ ಕಾಳು ಆರಿಸೋ ಮೈತ್ರೇಯಿ ಮೊರ ಹಿಡ್ಕೊಂಡು ಬಂದ್ಲು.

"ಸೀನಣ್ಣ, ಮಡಕೆ ಎಲ್ಲಿ?"

"ಯಾವ ಮಡಕೆ? ಅವರೆಕಾಳಿಂದಾ? ರಾತ್ರಿನೇ ನೆನೆಹಾಕ್ದೆ. ಇದೇ ಸಾರು!" ಅಂದ ಸೀನು, ಹಲ್ಲು ಕಿರಿದು.

"ಆರಿಸದೆ?"

"ಆರಿಸಿ ಆಗಿದೆ ಅನ್ಕೊಂಡೆ. ಮಡಕೆ ಕಾಳಲ್ಲೇ ತಾನೆ ಸಾರು ಮಾಡೋದು?"

ಅಯ್ಯೋ ನಿನ್ನ ಮನೆ ಕಾಯ್ವಾಗ! ಲೋಕದಲ್ಲಿ ವೋಟು ಕದ್ದೋರಿದಾರೆ, ವೋಟು ಮಾರ್ಕೊಂಡೋರಿದಾರೆ. ವೋಟಿಗೆ ಒಗ್ಗರಣೆ ಹಾಕಿದೋನು ಇವನೊಬ್ಬನೇ. ಸೊಣ್ಣಮ್ಮ ಬಾಗಿಲ ಹತ್ರ ಕೂತಿದ್ಲು, ಮುಖ ಬಿಳಿಚ್ಕೊಂಡಿತ್ತು. ಅವಳ ಬಟ್ಟೆ ಗಂಟು ಪಕ್ಕದಲ್ಲೇ ಇತ್ತು. 

"ಎಲ್ಲರೂ ಅವರವರ ತಟ್ಟೆ ನೋಡ್ಕೊಳ್ಳಿ," ಅಂದ್ಲು ಮೈತ್ರೇಯಿ. ಮೂವತ್ತು ಜನ ತಲೆ ಬಗ್ಗಿಸಿ ಸಾರಿನ ಒಂದೊಂದೇ ಕಾಳು ಆರಿಸಿದ್ವಿ. ಸೀನು ಪಾತ್ರೆ ತಳವನ್ನೂ ಕೆರೆದು ನೋಡಿದ. ಏನೂ ಸಿಗಲಿಲ್ಲ. ಸದ್ಯ, ದೇವರು ಇದಾನೆ ಅಂತ ನಾನು ಉಸಿರು ಬಿಡೋ ಹೊತ್ತಿಗೆ ಜಯಸಿಂಹ ಸಾರ್ ಮೆಲ್ಲಗೆ, "ಇಲ್ಲೊಂದಿದೆ," ಅಂದ್ರು. ಅವರ ತಟ್ಟೆ ಅಂಚಲ್ಲಿ ಕಂದು ಬಣ್ಣದ ಒಂದು ಹುರುಳಿಕಾಳು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನನಗೆ ಎಲ್ಲಿತ್ತೋ ಸಿಟ್ಟು.

"ನಿಮ್ಮ ಕಾಳು ನಿಮ್ಮ ತಟ್ಟೆಗೇ ಬಂತು ನೋಡಿ ಸಾರ್! ಒಂದು ಗಂಟೆ ನಿದ್ದೆಗೋಸ್ಕರ ಒಬ್ಬ ಹೆಂಗಸನ್ನ ಬೀದಿಗೆ ತಳ್ತೀರಲ್ಲ!"

ಅವರು ನನ್ನನ್ನೇ ನೋಡಿದ್ರು, ಕಣ್ಣು ತುಂಬಿತ್ತು. ಮಾತಾಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು.

"ಅವರಲ್ಲ ಅಕ್ಕ," ಅಂತ ಎದ್ದು ನಿಂತ್ಲು ಸೊಣ್ಣಮ್ಮ. "ಅದನ್ನ ಹಾಕಿದ್ದು ನಾನು."

ಸೆರಗು ಬಿಗಿಯಾಗಿ ಹೊದ್ಕೊಂಡು ಹೇಳ್ತಾ ಹೋದ್ಲು.

"ಇಪ್ಪತ್ತು ವರ್ಷ ಹೊಲಿದ ಮೇಲೆ ಗೇಟಲ್ಲಿ ನಿಲ್ಲಿಸಿ ನಾಳೆಯಿಂದ ಬರಬೇಡ ಅಂದ್ರು. ಆ ಮಾತು ಇನ್ನೊಂದ್ಸಲ ಕೇಳೋ ಶಕ್ತಿ ನನಗಿಲ್ಲ. ಇಷ್ಟು ಜನದಲ್ಲಿ ಯಾರಾದ್ರೂ ಬೇಡ ಅಂದೇ ಅಂತೀರ ಅನ್ಕೊಂಡೆ. ನೀವು ಕಳಿಸೋಕೆ ಮುಂಚೆ ನಾನೇ ಹೋಗೋಣ ಅಂತ ಹಾಕ್ದೆ."

"ಸೊಣ್ಣಮ್ಮಕ್ಕ," ಅಂದ್ಲು ಮೈತ್ರೇಯಿ, "ಎಲ್ಲಾ ತಟ್ಟೆ ನೋಡಾಯ್ತು, ಪಾತ್ರೆನೂ ನೋಡಾಯ್ತು. ಸಿಕ್ಕಿದ್ದು ಇದೊಂದೇ. ಬೇರೆ ಯಾರೂ ಬೇಡ ಅಂದಿಲ್ಲ."

ಸೊಣ್ಣಮ್ಮ ನಮ್ಮೆಲ್ಲರ ಮುಖ ನೋಡಿದ್ಲು. ಆಮೇಲೆ ಜಯಸಿಂಹ ಸಾರ್ ಮುಖ ನೋಡಿದ್ಲು.

"ನನ್ನ ಶರ್ಟಿನ ಕಾಲರ್ ಇವರಷ್ಟು ಚೆನ್ನಾಗಿ ಯಾರೂ ತಿರುಗಿಸಿ ಹೊಲಿದಿರಲಿಲ್ಲ, ನಾನ್ಯಾಕೆ ಬೇಡ ಅನ್ನಲಿ?" ಅಂತ ಗೊಣಗಿದ್ರು ಅವರು. ಆಮೇಲೆ ತಟ್ಟೆ ಎತ್ಕೊಂಡು ಎದ್ದು, ನೆಟ್ಟಗೆ ಅವಳ ಮುಂದೆ ಹೋಗಿ ನಿಂತ್ರು. "ರೂಲ್ ಅಂದ್ರೆ ರೂಲ್. ಮೊರಕ್ಕೆ ಸುರಿಯೋಕೆ ಮುಂಚೆ ವಾಪಸ್ ತಗೋಬಹುದು. ಈ ಪುಣ್ಯಾತ್ಮ ಮೊರಕ್ಕೆ ಸುರಿದೇ ಇಲ್ಲ. ತಗೊಳ್ಳಿ."

"ಸಾರ್, ತಟ್ಟೆ ಎಂಜಲಾಗುತ್ತೆ."

"ತಗೊಳ್ರೀ ಅಂದೆ!"

ಸೊಣ್ಣಮ್ಮ ಕೈ ಹಾಕಿದ್ಲು. ಕಾಳು ಎರಡು ಸಲ ಸಾರಿಗೆ ಜಾರಿತು, ಅವರು ತಟ್ಟೆ ಓರೆ ಮಾಡಿ ಹಿಡಿದ್ರು. ಕೊನೆಗೆ ಸಿಕ್ತು. ಬಾಯಿಗೆ ಹಾಕ್ಕೊಂಡು ಗೊಳೋ ಅಂತ ಅತ್ತುಬಿಟ್ಲು. ನಾನೂ ಅತ್ತೆ, ಸುಳ್ಳು ಯಾಕೆ ಹೇಳ್ಲಿ.

"ತಪ್ಪಾಯ್ತು ಸಾರ್," ಅಂದೆ ಅವರಿಗೆ. "ಇರ್ಲಿ, ಉಪ್ಪಿನಕಾಯಿ ಹಾಕಿ," ಅಂದ್ರು. ವಾಪಸ್ ಹೋಗಿ ಚಕ್ಕಂಬಕ್ಕಳ ಹಾಕ್ಕೊಂಡು ಕೂತು, ಅದೇ ತಟ್ಟೇಲಿ ಅನ್ನ ಕಲಸಿ ಊಟ ಮುಂದುವರಿಸಿದ್ರು. ಅವರು ಮುಗಿಸೋವರೆಗೂ ನಾನು ನೋಡ್ತಾನೇ ಇದ್ದೆ.

ಕೈ ತೊಳೆಯೋಕೆ ಎದ್ದಾಗ ತಿರುಗಿ ನೋಡಿ, "ಸೊಣ್ಣಮ್ಮ, ಮಧ್ಯಾಹ್ನ ಒಂದು ಗಂಟೆ ಹೊತ್ತು ಮಿಷನ್ ನಿಲ್ಲಿಸ್ಬೇಕು," ಅಂದ್ರು.

ಸೊಣ್ಣಮ್ಮ ಸೆರಗಲ್ಲಿ ಕಣ್ಣು ಒರೆಸ್ಕೊಂಡ್ಲು.

"ಆಗಲ್ಲ ಸಾರ್," ಅಂದ್ಲು.