ಲೆಕ್ಕಕ್ಕಿಲ್ಲದ ಸೊನ್ನೆ-ಸೊನ್ನೆ

೫

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಮೇಲಿನಿಂದ ಶುರು ಮಾಡಿದರೆ ನಮ್ಮವರು ಸಿಗುವ ಹೊತ್ತಿಗೆ ನೀವು ಆಕಳಿಸುತ್ತಿರುತ್ತೀರಿ. ಅಂತರರಾಷ್ಟ್ರೀಯ ಫುಟ್‌ಬಾಲ್ ಟೂರ್ನಿಗೆ ಮಹಿಳೆಯರ ಅರ್ಹತಾ ಗುಂಪು ಇದು. ಐದು ತಂಡ, ಪಟ್ಟಿಯಲ್ಲಿ ಐದು ಸಾಲು, ನಮ್ಮವರಿರುವುದು ಐದನೆಯದರಲ್ಲಿ. ಏಳು ಪಂದ್ಯ ಆಡಿದ್ದಾರೆ. ಆರು ಸೋಲು, ಒಂದು ಡ್ರಾ. ಹೊಡೆದ ಗೋಲು ಎರಡು, ತಿಂದದ್ದು ಇಪ್ಪತ್ತಾರು. ಹಾಗಾಗಿ ಕೆಳಗಿನಿಂದಲೇ ಶುರು ಮಾಡಿದ್ದೇನೆ, ನಂಬರೂ ಐದೇ ಹಾಕಿದ್ದೇನೆ. (ಮುಂದಿನ ಭಾಗಕ್ಕೂ ಐದೇ. ತಂಡ ಮೇಲೆ ಹೋಗುವವರೆಗೆ ನಂಬರ್ ಬದಲಾಗುವುದಿಲ್ಲ. ಪ್ರೂಫ್ ನೋಡುವವರು ದಯವಿಟ್ಟು ಕೈಯಾಡಿಸಬಾರದು.)

ಮೊದಲ ಡ್ರಾಫ್ಟ್ "ಎಪ್ಪತ್ತು ಸಾವಿರ ಜನ ಎದ್ದು ನಿಂತರು" ಎಂದು ಶುರುವಾಗುತ್ತಿತ್ತು. ಹರಿದು ಹಾಕಿದೆ. ನಮ್ಮ ಮೈದಾನಕ್ಕೆ ಬರುವುದೇ ಮುನ್ನೂರು ಜನ, ಅವರಲ್ಲಿ ಅರ್ಧ ಆಟಗಾರ್ತಿಯರ ನೆಂಟರು. ಎರಡನೆಯ ಡ್ರಾಫ್ಟಿನಲ್ಲಿ ಕಥಾನಾಯಕಿ ಸ್ಟ್ರೈಕರ್ ಆಗಿದ್ದಳು, ಪುಟಕ್ಕೊಂದು ಗೋಲು ಹೊಡೆಯುತ್ತಿದ್ದಳು. ಅದನ್ನು ಓದಿ ಅವಳೇ ಜಗಳಕ್ಕೆ ಬಂದಳು.

"ನಾನು ಗೋಲ್‌ಕೀಪರ್ ಸಾರ್. ಹೊಡೆಯೋಳಲ್ಲ, ತಡೆಯೋಳು. ಅಷ್ಟೂ ಗೊತ್ತಿಲ್ದೆ ಬರೆಯೋಕೆ ಕೂತ್ರಾ?"

"ಓದುಗರಿಗೆ ಗೋಲು ಬೇಕಮ್ಮಾ."

"ಓದುಗರಿಗೆ ಏನು ಬೇಕು ಅಂತ ನಿಮಗೆ ಗೊತ್ತಾ? ನಿಮ್ಮ ಹಿಂದಿನ ಪುಸ್ತಕ ಎಷ್ಟು ಜನ ಓದಿದ್ರು?"

ಮುನ್ನೂರು ಜನ. ಅವರಲ್ಲಿ ಅರ್ಧ ನನ್ನ ನೆಂಟರು. ಬಾಯಿ ಮುಚ್ಚಿಕೊಂಡು ಮೂರನೆಯ ಡ್ರಾಫ್ಟ್ ಶುರು ಮಾಡಿದೆ.

೫

ತಂಡದಲ್ಲಿ ಅವಳನ್ನು ಕರೆಯುವುದು ಕನ್ನಡಿ ಎಂದು. ವಯಸ್ಸು ಮೂವತ್ತೊಂದು. ಬೆಳಿಗ್ಗೆ ಪ್ರಾಕ್ಟೀಸ್ ಮುಗಿಸಿ ಒಂಬತ್ತಕ್ಕೆಲ್ಲ ಅಪ್ಪನ ಗಾಜಿನ ಅಂಗಡಿಯಲ್ಲಿರುತ್ತಾಳೆ. ಕಿಟಕಿಗೆ, ಶೋಕೇಸಿಗೆ, ಬಚ್ಚಲುಮನೆಯ ಕನ್ನಡಿಗೆ ಗಾಜು ಕತ್ತರಿಸಿ ಕೊಡುವ ಕೆಲಸ. ಹಳೆಯ ಕಂಬಳಿ ಹಾಸಿದ ಉದ್ದನೆಯ ಮೇಜು, ಗೋಡೆಗೆ ಒರಗಿಸಿಟ್ಟ ಆಳೆತ್ತರದ ಗಾಜುಗಳು, ನೆಲದ ಮೇಲೆ ಎಷ್ಟು ಗುಡಿಸಿದರೂ ಮುಗಿಯದ ಮಿನುಗು. ಗಾಜಿನ ಮೇಲೆ ಒಂದೇ ಸಲ, ಒಂದೇ ಒತ್ತಡದಲ್ಲಿ ಗೆರೆ ಎಳೆಯಬೇಕು. ಅದೇ ಗೆರೆಯ ಮೇಲೆ ಮತ್ತೊಮ್ಮೆ ಎಳೆದರೆ ಗಾಜು ಮನಸ್ಸಿಗೆ ಬಂದಂತೆ ಒಡೆಯುತ್ತದೆ. (ಇಪ್ಪತ್ತು ಸಲ ತಿದ್ದಿ ಬರೆಯುವ ನನ್ನಂಥವನಿಗೆ ಆ ಅಂಗಡಿಯಲ್ಲಿ ಕಸ ಗುಡಿಸುವ ಕೆಲಸವೂ ಸಿಗಲಾರದು.)

ಅಂಗಡಿಯಲ್ಲಿ ಎಲ್ಲಕ್ಕಿಂತ ದೊಡ್ಡ ನಿಯಮ ಒಂದಿದೆ. ಗಾಜು ಜಾರಿತೋ, ಹಿಡಿಯಲು ಹೋಗಬಾರದು. ಎರಡೂ ಕೈ ಮೇಲೆತ್ತಿ ಹಿಂದೆ ಸರಿಯಬೇಕು. ಅಪ್ಪ ವಯಸ್ಸಿನಲ್ಲಿದ್ದಾಗ ಒಮ್ಮೆ ಹಿಡಿಯಲು ಹೋಗಿದ್ದರು. ಅವರ ಬಲಗೈಯ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ. ಮಗಳಿಗೆ ಅಕ್ಷರ ಕಲಿಸುವ ಮೊದಲೇ ಅವರು ಕಲಿಸಿದ್ದು ಇದನ್ನು: "ಬಿತ್ತಾ? ಬಿಡು. ಕೈ ತೆಗಿ. ಗಾಜು ಇನ್ನೊಂದು ಬರುತ್ತೆ."

ಇಂಥವರ ಮಗಳು ಗೋಲ್‌ಕೀಪರ್ ಆದಳು. ಅಪ್ಪನಿಗೆ ಫುಟ್‌ಬಾಲ್ ಇವತ್ತಿಗೂ ತಲೆಗೆ ಹತ್ತಿಲ್ಲ. ಆದರೂ ಅಂಗಡಿ ಮುಚ್ಚಿ ಪ್ರತಿ ಪಂದ್ಯಕ್ಕೂ ಬರುತ್ತಾರೆ, ಗೋಲಿನ ಹಿಂದೆಯೇ ನಿಲ್ಲುತ್ತಾರೆ. ಚೆಂಡು ಬಂದಾಗಲೆಲ್ಲ "ಬಿಡೇ! ಕೈ ತೆಗಿಯೇ!" ಎಂದು ಗಂಟಲು ಹರಿಯುವಂತೆ ಕೂಗುತ್ತಾರೆ. ಪಕ್ಕದಲ್ಲಿ ನಿಂತವರು ಇವರನ್ನು ಎದುರು ಪಕ್ಷದವರೆಂದುಕೊಂಡು ಎರಡು ಸಲ ಹೊಡೆಯಲು ಬಂದಿದ್ದರು.

೫

ತಂಡದ ಕೋಚ್ ಗಣಿತದ ಮೇಷ್ಟ್ರು. ಗುಂಪಿನಲ್ಲಿ ಎರಡನೇ ಸ್ಥಾನದಲ್ಲಿರುವ ತಂಡವನ್ನು ದೊಡ್ಡವರು ಎಂದು ಕರೆಯೋಣ. ಮೊದಲ ಸಲ ನಮಗೆ ಏಳು ಗೋಲು ಬಾರಿಸಿದ್ದ ಆ ದೊಡ್ಡವರನ್ನು ನಮ್ಮವರು ಆರನೆಯ ಪಂದ್ಯದಲ್ಲಿ ಸೊನ್ನೆ-ಸೊನ್ನೆಗೆ ಕಟ್ಟಿಹಾಕಿದರು. ಮರುದಿನ ಮೇಷ್ಟ್ರು ಎಲ್ಲರನ್ನೂ ತಮ್ಮ ಶಾಲೆಯ ಖಾಲಿ ತರಗತಿಗೆ ಕರೆಸಿ ಬೋರ್ಡಿನ ತುಂಬ ಪಟ್ಟಿ ಬರೆದರು.

"ನೋಡ್ರಮ್ಮಾ. ಪ್ರತಿ ಗುಂಪಿನ ಮೊದಲನೆಯವರು ನೇರ ಟೂರ್ನಿಗೆ ಹೋಗ್ತಾರೆ. ಎರಡನೆಯವರನ್ನೆಲ್ಲ ಒಟ್ಟಿಗೆ ಹೋಲಿಸಿ, ಚೆನ್ನಾಗಿ ಆಡಿದೋರನ್ನ ಮಾತ್ರ ತಗೋತಾರೆ. ನಮ್ಮ ಕೈಲಿ ದೊಡ್ಡವರಿಗೆ ಎರಡು ಪಾಯಿಂಟ್ ಖೋತಾ. ಆ ಎರಡು ಪಾಯಿಂಟಿಂದಾನೇ ಅವರು ಮನೆಗೆ. ಯಾರಿಂದ?"

"ನಮ್ಮಿಂದ!"

ಬೆಂಚುಗಳು ಅದುರಿದವು. ಡಿಫೆಂಡರ್ ಆಗಿ ಆಡುವ ನರ್ಸಮ್ಮ ಮಾತ್ರ ಫೋನಿನಲ್ಲಿ ನಿಯಮಾವಳಿ ತಿರುವಿ ಹಾಕುತ್ತಿದ್ದಳು. ಔಷಧಿಯ ಪೊಟ್ಟಣದ ಮೇಲಿನ ಸಣ್ಣ ಅಕ್ಷರ ಓದಿ ಓದಿ ಅವಳಿಗೆ ಅದೇ ಅಭ್ಯಾಸ.

"ಸಾರ್, ಮೂವತ್ತೊಂದನೇ ಪುಟದ ಕೆಳಗೆ ಏನೋ ಅಡಿಟಿಪ್ಪಣಿ ಇದೆ. ಎರಡನೆಯವರನ್ನ ಹೋಲಿಸುವಾಗ, ಗುಂಪಿನ ಕೊನೆ ತಂಡದ ಜೊತೆ ಆಡಿದ ಪಂದ್ಯಗಳನ್ನ ಲೆಕ್ಕಕ್ಕೆ ಹಿಡಿಯಲ್ವಂತೆ. ಕೆಲವು ಗುಂಪಲ್ಲಿ ನಾಲ್ಕೇ ತಂಡ ಇರೋದ್ರಿಂದ ಎಲ್ಲರಿಗೂ ಸಮ ಆಗಲಿ ಅಂತ."

ಪ್ರಶ್ನೆಪತ್ರಿಕೆಯನ್ನು ಪೂರ್ತಿ ಓದಿ ಎಂದು ಇಪ್ಪತ್ತೆರಡು ವರ್ಷದಿಂದ ಮಕ್ಕಳ ಮುಂದೆ ಬಡಿದುಕೊಳ್ಳುತ್ತಿದ್ದ ಮೇಷ್ಟ್ರು ಅಡಿಟಿಪ್ಪಣಿ ಓದಿರಲಿಲ್ಲ. ಡಸ್ಟರ್ ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ, ಆ ಸೊನ್ನೆ-ಸೊನ್ನೆಯನ್ನು ತಾವೇ ಒರೆಸಿದರು. "ನಿಯಮ ತಪ್ಪು ಅಂತ ಹೇಳೋಕಾಗಲ್ಲಮ್ಮ," ಎಂದರು. "ನ್ಯಾಯವಾಗೇ ಇದೆ. ಅದೇ ಹೊಟ್ಟೆ ಉರಿಯೋದು."

ದೊಡ್ಡವರ ಕೋಚಿಗೆ ಅಡಿಟಿಪ್ಪಣಿ ಬಾಯಿಪಾಠವಾಗಿತ್ತು. ಸುದ್ದಿಗೋಷ್ಠಿಯಲ್ಲಿ ಆಕೆ ನಗುತ್ತ ಹೇಳಿದ್ದು ಇಷ್ಟು: "ಆ ಪಂದ್ಯದ ಬಗ್ಗೆ ಯಾಕೆ ತಲೆ ಕೆಡಿಸ್ಕೋತೀರಿ? ಗುಂಪು ಮುಗಿಯೋ ಹೊತ್ತಿಗೆ ಅದು ನಡೆದೇ ಇರೋದಿಲ್ಲ."

ಕನ್ನಡಿ ಅದನ್ನು ಅಂಗಡಿಯಲ್ಲಿ, ಅಪ್ಪನ ಫೋನಿನಲ್ಲಿ ನೋಡಿದಳು. ಅವಳ ಮೈ ಉರಿದುಹೋಯಿತು. ಅಪ್ಪನಿಗೆ ನಿಯಮವನ್ನು ಮೂರು ಸಲ ಬಿಡಿಸಿ ಹೇಳಬೇಕಾಯಿತು.

"ನಾನು ಅಂಗಡಿ ಮುಚ್ಚಿ ಬಂದಿದ್ನಲ್ಲ," ಎಂದರು ಅಪ್ಪ. "ಕಣ್ಣಾರೆ ನೋಡಿದೀನಿ. ಆಡಿದ್ದನ್ನ ಆಡೇ ಇಲ್ಲ ಅಂದ್ರೆ ಹೇಗೆ?"

"ನಾವು ಕೊನೆಯವರಾಗದಿದ್ರೆ ಲೆಕ್ಕಕ್ಕೆ ಬರುತ್ತಪ್ಪಾ."

"ಮತ್ತೆ ಆಗಬೇಡಿ."

೫

ದಾರಿ ಒಂದೇ ಉಳಿದಿತ್ತು. ನಾಲ್ಕನೆಯವರ ಬಳಿ ಮೂರು ಪಾಯಿಂಟ್, ನಮ್ಮ ಬಳಿ ಒಂದು. ಕೊನೆಯ ಪಂದ್ಯ ಅವರ ಜೊತೆಗೇ, ಶನಿವಾರ ಮಧ್ಯಾಹ್ನ ಮೂರಕ್ಕೆ. ಗೆದ್ದರೆ ನಾವು ನಾಲ್ಕನೆಯವರು, ಸೊನ್ನೆ-ಸೊನ್ನೆ ಉಳಿಯುತ್ತದೆ, ದೊಡ್ಡವರು ಮನೆಗೆ. ಸೋತರೂ ಡ್ರಾ ಆದರೂ ಅದು ನಡೆದೇ ಇಲ್ಲ.

ಓದುಗರೇ, ಇಂಥ ಅವಕಾಶ ಕಥೆಗಾರನಿಗೆ ದಿನಾ ಸಿಗುವುದಿಲ್ಲ. ಮೂರು ಮುಕ್ತಾಯ ಬರೆದು ಮೇಜಿನ ಮೇಲೆ ಹರಡಿಕೊಂಡೆ.

ಅ) ತೊಂಬತ್ತನೆಯ ನಿಮಿಷ, ನರ್ಸಮ್ಮನ ತಲೆಗೆ ತಾಗಿ ಗೋಲು, ಒಂದು-ಸೊನ್ನೆ. ಮೇಷ್ಟ್ರು ಅಳುತ್ತಾರೆ. (ನಾನೂ ಅತ್ತೆ. ಅದೇ ಅನುಮಾನ ತಂದಿತು.)

ಆ) ಸೋಲು. ಖಾಲಿ ಮೈದಾನ, ಗೋಲಿನ ಬಲೆಯಲ್ಲಿ ಸಿಕ್ಕಿಕೊಂಡ ಒಣ ಎಲೆ. (ವಿಮರ್ಶಕರಿಗೆ ಇದೇ ಇಷ್ಟ. ಎಲೆಗೆ ಎರಡು ಪ್ಯಾರಾ ಅರ್ಥ ಹೇಳುತ್ತಾರೆ.)

ಇ) ಮತ್ತೆ ಸೊನ್ನೆ-ಸೊನ್ನೆ. (ಜಾಣತನ. ಛೀ.)

ಕನ್ನಡಿ ಮೂರನ್ನೂ ಓದಿದಳು. ಎದ್ದುಹೋಗಿ ನನ್ನ ಕಸದ ಬುಟ್ಟಿಯನ್ನು ಬಗ್ಗಿ ನೋಡಿದಳು.

"ಇದೆಲ್ಲ ಇರಲಿ ಸಾರ್. ಆ ಪಂದ್ಯ ಎಲ್ಲಿ?"

"ಯಾವುದು?"

"ಸೊನ್ನೆ-ಸೊನ್ನೆ. ಯಾವುದಕ್ಕೋಸ್ಕರ ಇಷ್ಟೆಲ್ಲ ಕಿತ್ತಾಡ್ತಿದೀವೋ ಅದು."

"ಹೇಳಿದೀನಲ್ಲಮ್ಮಾ, ಮೇಷ್ಟ್ರ ಭಾಗದಲ್ಲಿ ಒಂದು ಸಾಲಲ್ಲಿ. ಮೊದಲು ನಾಲ್ಕು ಪುಟ ಬರೆದಿದ್ದೆ. ಗೋಲೇ ಇಲ್ಲ, ಏನೂ ಆಗಲ್ಲ, ಓದೋರಿಗೆ ಬೋರ್ ಆಗುತ್ತೆ ಅಂತ ತೆಗೆದುಹಾಕಿದೆ."

ಅವಳು ಬುಟ್ಟಿಯಿಂದ ತಲೆ ಎತ್ತಿ ನನ್ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

"ಹಾಗಾದ್ರೆ ನೀವೂ ಮೂವತ್ತೊಂದನೇ ಪುಟಾನೇ," ಎಂದಳು. "ಅವರದಾದ್ರೂ ಚಿಕ್ಕ ಅಕ್ಷರದಲ್ಲಿ ಹೇಳಿತ್ತು. ನೀವು ಹೇಳದೇ ತೆಗೆದ್ರಿ."

ನನಗೆ ನಾಚಿಕೆಯಾಯಿತು. ನೇರವಾಗಿ ಹೇಳುತ್ತಿದ್ದೇನೆ, ನಾಚಿಕೆಯಾಯಿತು. ಮೂರು ಮುಕ್ತಾಯಗಳನ್ನೂ ಮಡಚಿ ಬುಟ್ಟಿಗೆ ಹಾಕಿ, ಆ ನಾಲ್ಕು ಪುಟಗಳನ್ನು ಹೊರಗೆ ತೆಗೆದೆ.

ಶನಿವಾರ ಏನಾಯಿತು ಎಂದು ನೀವು ಕೇಳುತ್ತೀರಿ. ಹೇಳುವುದಿಲ್ಲ. ಗೆದ್ದರು ಎಂದರೆ, ಗೆದ್ದದ್ದರಿಂದ ಆ ಪಂದ್ಯಕ್ಕೆ ಬೆಲೆ ಬಂತು ಎನ್ನುತ್ತೀರಿ. ಸೋತರು ಎಂದರೆ, ಪಾಪ ಎಂದು ಪುಟ ತಿರುಗಿಸುತ್ತೀರಿ. ಎರಡಕ್ಕೂ ನಾನು ಆಸ್ಪದ ಕೊಡುವುದಿಲ್ಲ. ಗೊತ್ತಾಗಲೇಬೇಕೆಂದು ಹಟವಿದ್ದವರು ಬೇರೆ ಕಥೆ ಓದಿಕೊಳ್ಳಿ.

(ಈ ಭಾಗಕ್ಕೆ ನಂಬರ್ ಇಲ್ಲ)

ಸೊನ್ನೆ-ಸೊನ್ನೆಯ ಆ ದಿನ ಬಿಸಿಲಿತ್ತು. ಹಿಂದಿನ ದಿನ ಅಂಗಡಿಯಲ್ಲಿ ಕನ್ನಡಿಯ ಎಡ ಹೆಬ್ಬೆರಳು ಸೀಳಿ ಮೂರು ಹೊಲಿಗೆ ಬಿದ್ದಿದ್ದವು. ನರ್ಸಮ್ಮ ಬ್ಯಾಂಡೇಜಿನ ಮೇಲೆ ಬ್ಯಾಂಡೇಜು ಸುತ್ತಿ ಗ್ಲೌಸ್ ತೊಡಿಸಿದಳು. "ನೋವಾದ್ರೆ ಹೇಳು" ಎಂದಳು. ಕನ್ನಡಿ ಹೇಳಲಿಲ್ಲ.

ನಾಲ್ಕನೆಯ ನಿಮಿಷಕ್ಕೇ ದೊಡ್ಡವರ ಉದ್ದನೆಯ ಸ್ಟ್ರೈಕರ್ ಹತ್ತು ಅಡಿ ದೂರದಿಂದ ಒದ್ದಳು. ಚೆಂಡು ಕನ್ನಡಿಯ ಮೊಣಕಾಲಿಗೆ ಬಡಿದು ಹೊರಗೆ ಹೋಯಿತು. ಹನ್ನೊಂದನೆಯ ನಿಮಿಷ, ಬಲಗೈ. ಹತ್ತೊಂಬತ್ತು, ಎದೆ. ಹಿಂದಿನಿಂದ ಅಪ್ಪ, "ಬಿಡೇ! ಕೈ ತೆಗಿಯೇ!" ಮೂವತ್ತಮೂರು, ಕಂಬಕ್ಕೆ ಬಡಿಯಿತು, ಕಂಬಕ್ಕೆ ಅವಳು ಮುತ್ತು ಕೊಟ್ಟಳು. ಅರ್ಧ ಆಟ ಮುಗಿದಾಗ ಮೇಷ್ಟ್ರು ನೀರು ಕುಡೀರಿ ಎಂದರು.

ಐವತ್ತೆಂಟನೆಯ ನಿಮಿಷದಲ್ಲಿ ನಮ್ಮವರಿಗೆ ಒಂದು ಕಾರ್ನರ್ ಸಿಕ್ಕಿತು. ಅದೇ ಮೊದಲು, ಅದೇ ಕೊನೆ. ಮುನ್ನೂರು ಜನ ಗೋಲೇ ಆದಂತೆ ಕುಣಿದರು. ಎಪ್ಪತ್ತೊಂದರಲ್ಲಿ ಉದ್ದನೆಯವಳು ಒಬ್ಬಳೇ ಎದುರಿಗೆ ಬಂದಳು. ಕನ್ನಡಿ ಕಾಲ ಬಳಿ ಬಿದ್ದು ಚೆಂಡನ್ನು ಕಿತ್ತುಕೊಂಡಳು. ಗ್ಲೌಸಿನೊಳಗೆ ಒಂದು ಹೊಲಿಗೆ ಬಿಚ್ಚಿತು, ಒದ್ದೆ ಒದ್ದೆ ಅನಿಸಿತು. ಎಂಬತ್ತನೆಯ ನಿಮಿಷದ ಹೊತ್ತಿಗೆ ದೊಡ್ಡವರು ಒಬ್ಬರಿಗೊಬ್ಬರು ರೇಗತೊಡಗಿದ್ದರು. ಅವರ ಕೋಚು ನೀರಿನ ಬಾಟಲಿ ಒದ್ದದ್ದನ್ನು ಕನ್ನಡಿ ಅಷ್ಟು ದೂರದಿಂದಲೂ ನೋಡಿದಳು. ನಡೆಯದ ಪಂದ್ಯಕ್ಕೆ ಯಾರಾದರೂ ಬಾಟಲಿ ಒದೆಯುತ್ತಾರೆಯೇ?

ತೊಂಬತ್ತು ದಾಟಿ ನಾಲ್ಕನೆಯ ನಿಮಿಷ. ಎಡಗಡೆಯಿಂದ ಚೆಂಡು ಎತ್ತರಕ್ಕೆ ಬಂತು. ಉದ್ದನೆಯವಳು ಹಾರಿ ತಲೆ ಕೊಟ್ಟಳು. ಚೆಂಡು ನೆಲಕ್ಕೆ ಬಡಿದು ಪುಟಿದು ಗೋಲಿನ ಮೂಲೆಗೆ ತಿರುಗಿತು. ಕನ್ನಡಿ ಆಗಲೇ ಇನ್ನೊಂದು ಕಡೆಗೆ ವಾಲಿದ್ದಳು. ಆ ಒಂದು ಕ್ಷಣ ಮೈದಾನವೆಲ್ಲ ಸುಮ್ಮನಾಯಿತು, ಬೆನ್ನ ಹಿಂದೆ ಒಂದೇ ದನಿ ಉಳಿಯಿತು.

"ಹಿಡಿಯೇ!"

ಅಪ್ಪ. ಬೇಲಿಗೆ ಎದೆ ಒತ್ತಿ, ಮಡಚದ ಎರಡು ಬೆರಳಿನ ಕೈಯನ್ನು ತಾವೇ ಚಾಚಿ ನಿಂತಿದ್ದಾರೆ.

"ಹಿಡಿಯೇ ಮಗಳೇ! ಬಿಡಬೇಡ!"

ಕನ್ನಡಿ ವಾಲಿದ ಮೈಯನ್ನು ಹಿಂದಕ್ಕೆ ಎಸೆದಳು. ಗೆರೆಯ ಮೇಲೆ, ಎರಡೂ ಕೈಯಲ್ಲಿ, ಚೆಂಡು ಸಿಕ್ಕಿತು. ಅದನ್ನು ಎದೆಗೆ ಅವಚಿಕೊಂಡು ಅವಳು ನೆಲದ ಮೇಲೆ ಮಲಗಿದ್ದಾಳೆ. ರೆಫರಿ ಗಡಿಯಾರ ನೋಡುತ್ತಿದ್ದಾರೆ, ಸೀಟಿ ತುಟಿಯ ಹತ್ತಿರ ಹೋಗುತ್ತಿದೆ.

ನಾನು ಊದಲು ಬಿಡುವುದಿಲ್ಲ. ಊದಿದರೆ ಪಂದ್ಯ ಮುಗಿಯುತ್ತದೆ, ಪಟ್ಟಿಗೆ ಹೋಗುತ್ತದೆ, ಅಲ್ಲಿ ಅದಕ್ಕಾಗಿ ಡಸ್ಟರ್ ಕಾಯುತ್ತಿರುತ್ತದೆ. ಗೋಲ್‌ಕೀಪರ್ ಚೆಂಡನ್ನು ಕೈಯಲ್ಲಿ ಕೆಲವೇ ಸೆಕೆಂಡು ಇಟ್ಟುಕೊಳ್ಳಬಹುದು ಎಂದು ನಿಯಮವಿದೆಯಂತೆ. ಯಾವುದೋ ಪುಟದ ಕೆಳಗೆ ಇರಬೇಕು. ನಾನು ಓದಿಲ್ಲ, ಓದುವುದೂ ಇಲ್ಲ. ಅವಳು ಹಿಡಿದುಕೊಂಡಿರಲಿ.